ಸಭಾಗೃಹಗಳು ಬೇಕಾದಷ್ಟಿವೆ, ಬೇಕಿರುವುದು ಕೈಗಳು

ಮುಂಬಯಿ ಕನ್ನಡಿಗರ ಪಾಲಿಗೆ ಇದು ಶತಮಾನೋತ್ಸವಗಳ ಕಾಲ. ಸಯನ್‌ನ ಗೋಕುಲದ ಬಿ.ಎಸ್.ಕೆ.ಬಿ. (ಬಾಂಬೆ ಸೌತ್ ಕೆನರಾ ಬ್ರಾಹ್ಮಿನ್ಸ್) ಅಸೋಸಿಯೇಷನ್ ಮತ್ತು ದೇವಾಡಿಗ ಸಂಘ ಹುಟ್ಟಿದ್ದು 1925ರಲ್ಲಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು, ಬಂಟರ ಸಂಘ 1927ರದ್ದು. ಬೆನ್ನಿಗೇ 1932ರಲ್ಲಿ ಬಿಲ್ಲವರ ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ. ಮೊಗವೀರ ವ್ಯವಸ್ಥಾಪಕ ಮಂಡಳಿಯಂತೂ ಇವೆಲ್ಲಕ್ಕಿಂತ ಹಿರಿಯದು, 1902ರಲ್ಲೇ ಕೆಲಸ ಶುರುಮಾಡಿದ ಸಂಸ್ಥೆ. ಒಂದೇ ನಗರದಲ್ಲಿ, ಊರು ಬಿಟ್ಟು ಬಂದ ಜನ, ಬಹುಪಾಲು ಹತ್ತು ವರ್ಷದ ಅಂತರದಲ್ಲಿ ಇಷ್ಟು ಸಂಘಗಳನ್ನು ಕಟ್ಟಿ ಅವುಗಳಲ್ಲಿ ಯಾವುದನ್ನೂ ಮುಚ್ಚಲು ಬಿಡದೆ ನಡೆಸಿಕೊಂಡು ಬಂದಿದ್ದಾರೆ ಎಂಬುದು ಸಣ್ಣ ಮಾತಲ್ಲ.

ಈ ಸಂಘಗಳಿಗೆಲ್ಲ ಈಗ ಕಟ್ಟಡಗಳಿವೆ. ಕುರ್ಲಾ ಪೂರ್ವದಲ್ಲಿ ಬಂಟರ ಭವನ, ಸಾಂತಾಕ್ರೂಜ್ ಪೂರ್ವದಲ್ಲಿ ಬಿಲ್ಲವ ಭವನ, ಸಯನ್‌ನಲ್ಲಿ ಗೋಕುಲ, ಮಾಹಿಮ್‌ನಲ್ಲಿ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ, ನೆರೂಲ್‌ನಲ್ಲಿ ದೇವಾಡಿಗ ಭವನ. ಜಾಗಕ್ಕಾಗಿ ಒದ್ದಾಡುವ ಮುಂಬಯಿಯಲ್ಲಿ ಇಷ್ಟು ಸಭಾಗೃಹಗಳನ್ನು ಹೊಂದಿರುವುದು ದೊಡ್ಡ ಆಸ್ತಿ. ಆದರೆ ಭಾನುವಾರ ಸಂಜೆ ಈ ಸಭಾಗೃಹಗಳ ಬಾಗಿಲು ತೆಗೆದು, ಕುರ್ಚಿ ಹಾಕಿ, ಮೈಕು ನೋಡಿ, ಬಂದವರನ್ನು ಕೂರಿಸಿ, ಕೊನೆಗೆ ಬಡಿಸಿ ಕಳಿಸುವ ಕೈಗಳು ಎಷ್ಟಿವೆ ಎಂದು ಯಾವ ಕಾರ್ಯದರ್ಶಿಯನ್ನೇ ಕೇಳಿ, ಅವರು ಒಂದು ನಿಟ್ಟುಸಿರು ಬಿಟ್ಟ ಮೇಲೆಯೇ ಉತ್ತರ ಹೇಳುತ್ತಾರೆ. ಸಂಘಗಳು ಒಂದಕ್ಕೊಂದು ಸಭಾಗೃಹ ಕೊಟ್ಟುಕೊಳ್ಳುವುದನ್ನು ಬಹಳ ಹಿಂದೆಯೇ ಕಲಿತಿವೆ. ಜನರನ್ನು ಕೊಟ್ಟುಕೊಳ್ಳುವುದು ಮಾತ್ರ ಅಷ್ಟು ಸರಾಗವಾಗಿಲ್ಲ. ಹಾಗೆಂದು ಅದು ಮುಂಬಯಿಗೆ ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ.

ಮೊದಲು ಹಂಚಿಕೆಯಾದದ್ದು ದುಡ್ಡು. ಉತ್ತರ ಕನ್ನಡದಿಂದ ಬಂದ ಚಿತ್ರಾಪುರ ಸಾರಸ್ವತರು 1906ರಲ್ಲಿ ಶ್ಯಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಒಂದು ಸಹಕಾರಿ ಸಂಸ್ಥೆ ಕಟ್ಟಿದರು. ಅದರ ಹಿಂದಿದ್ದವರು ಶ್ರೀಪಾದ ಸುಬ್ಬರಾವ್ ತಲ್ಮಕಿ. ಇದೇ ತಲ್ಮಕಿಯವರ ಶ್ರಮದಿಂದ 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘ ನೋಂದಣಿಯಾಯಿತು. ಮುಂಬಯಿಯ ಸಹಕಾರಿ ವಸತಿ ಚಳವಳಿ ತನ್ನ ಮೂಲವನ್ನು ಗುರುತಿಸಿಕೊಳ್ಳುವುದು ಅಲ್ಲಿ. ಗುಮಾಸ್ತೆಯ ಸಂಬಳದಲ್ಲಿ ಒಬ್ಬೊಬ್ಬರಿಗೇ ಮನೆ ಕಟ್ಟಲಾಗದು, ಹತ್ತು ಮಂದಿ ಕೂಡಿದರೆ ಆಗುತ್ತದೆ ಎಂಬ ಲೆಕ್ಕ ಅದು. ಮುಂದೆ ಮೊಗವೀರರು ತಮ್ಮ ಸಹಕಾರಿ ಬ್ಯಾಂಕ್ ಕಟ್ಟಿದರು. 1978ರಲ್ಲಿ ಬಿಲ್ಲವರ ಅಸೋಸಿಯೇಷನ್ನಿನ ಆಸರೆಯಲ್ಲಿ ಭಾರತ್ ಸಹಕಾರಿ ಬ್ಯಾಂಕ್ ಹುಟ್ಟಿತು. ಅಡವಿಡಲು ಏನೂ ಇಲ್ಲದವನಿಗೆ ಸಾಲ ಕೊಡಬೇಕಾದರೆ ಅವನನ್ನು ಬಲ್ಲವರು ಬೇಕು. ಆ ಬಲ್ಲವರು ಸಿಗುತ್ತಿದ್ದದ್ದು ಸಂಘದಲ್ಲಿ. ಇದೆಲ್ಲ ನಡೆದದ್ದು ಬಹುಮಟ್ಟಿಗೆ ಆಯಾ ಸಮಾಜದ ಒಳಗೇ. ಅದನ್ನು ಸಂಕುಚಿತತೆ ಎಂದು ಈಗ ತಳ್ಳಿಹಾಕುವುದು ಸುಲಭ. ಆದರೆ ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕೂ ಮುಂಚೆ ಊರೆಂದರೆ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿಯ ದೂರ, ಅದಕ್ಕೂ ಮುಂಚೆ ಹಡಗಿನ ದೂರ. ಅಂಥ ದೂರದಲ್ಲಿ ಕಾಯಿಲೆ ಬಿದ್ದವನನ್ನು ಆಸ್ಪತ್ರೆಗೆ ಸೇರಿಸಲು, ಸತ್ತವನ ಮನೆಗೆ ಸುದ್ದಿ ಮುಟ್ಟಿಸಲು ಊರಿನವರೇ ಬೇಕಿತ್ತು. ಯಾರನ್ನು ನಂಬಬಹುದೋ ಅವರೊಡನೆ ಕೂಡಿಕೊಂಡರು.

ಸಮಾಜದ ಗೆರೆ ದಾಟಿದ ಮೊದಲ ದೊಡ್ಡ ಕೂಡುಬಾಳು ನನ್ನ ಕಣ್ಣಿಗೆ ಕಾಣುವುದು ರಾತ್ರಿ ಶಾಲೆಗಳಲ್ಲಿ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇವತ್ತು ನಾವು ಹುಡುಕುತ್ತಿರುವ ಏರ್ಪಾಟು ಅಲ್ಲಿ ಆಗಲೇ ಇತ್ತು.

ಕರಾವಳಿಯಿಂದ ಹನ್ನೆರಡು ಹದಿಮೂರರ ಪ್ರಾಯದಲ್ಲಿ ಬಂದ ಹುಡುಗ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಾನೆ, ಕ್ಯಾಂಟೀನಿನಲ್ಲಿ ಚಹಾ ಒಯ್ಯುತ್ತಾನೆ. ಅವನಿಗೆ ಓದುವ ಆಸೆ. ಮೊಗವೀರ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ, ಫೋರ್ಟ್‌ನ ಕನ್ನಡ ರಾತ್ರಿ ಶಾಲೆ ಹೀಗೆ ಹಲವು ಕಡೆ ಅವನಿಗೆ ಜಾಗ ಸಿಕ್ಕಿತು. ಈ ಶಾಲೆಗಳಿಗೆ ಸ್ವಂತದ್ದು ಎಂದು ಇದ್ದದ್ದು ಬಹಳ ಕಡಿಮೆ. ಹಗಲು ಬೇರೆ ಮಕ್ಕಳು ಕೂತೆದ್ದ ಬೆಂಚುಗಳೇ ರಾತ್ರಿ ಇವರ ಬೆಂಚು. ಪಾಠ ಹೇಳುವವರಲ್ಲಿ ಹಗಲೆಲ್ಲ ಬ್ಯಾಂಕಿನಲ್ಲೋ ಕಚೇರಿಯಲ್ಲೋ ಲೆಕ್ಕ ಬರೆದು ಸಂಜೆ ಲೋಕಲ್ ಹತ್ತಿ ಬರುವವರಿದ್ದರು. ಹೋಟೆಲ್ ಮಾಲಕರು ಹುಡುಗನನ್ನು ಸಂಜೆಯ ಭರಾಟೆಯ ಹೊತ್ತಿಗೇ ಬಿಟ್ಟುಕೊಡಬೇಕಿತ್ತು, ಮತ್ತು ಅದೇ ಹೋಟೆಲು ಅವನಿಗೆ ಊಟ ಕೊಟ್ಟು ಮಲಗಲು ಜಾಗವನ್ನೂ ಕೊಡುತ್ತಿತ್ತು. ಸಂಘ ಪುಸ್ತಕ, ಶುಲ್ಕ ನೋಡಿಕೊಳ್ಳುತ್ತಿತ್ತು. ಶಾಲೆ ನಡೆಸಿದ್ದು ಒಂದು ಸಮಾಜದ ಸಂಘವಾದರೂ ತರಗತಿಯಲ್ಲಿ ಎಲ್ಲ ಸಮಾಜದ ಹುಡುಗರೂ ಕೂತರು, ಯಾಕೆಂದರೆ ಹೋಟೆಲಿನಲ್ಲಿ ಅವರು ಒಟ್ಟಿಗೇ ದುಡಿಯುತ್ತಿದ್ದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಮಾಲಕ ಕೊಟ್ಟದ್ದು ಹಣವಲ್ಲ, ತನ್ನ ಕೆಲಸದವನ ಮೂರು ಗಂಟೆ. ಮೇಷ್ಟರು ಕೊಟ್ಟದ್ದು ತಮ್ಮ ಸಂಜೆ. ಶಾಲೆಯವರು ಕೊಟ್ಟದ್ದು ತಮಗೆ ಬೇಡದ ಹೊತ್ತಿನ ಕೋಣೆ. ಯಾರೂ ತಮ್ಮಲ್ಲಿಲ್ಲದ್ದನ್ನು ಕೊಡಲಿಲ್ಲ, ಇದ್ದದ್ದನ್ನು ಬಚ್ಚಿಡಲಿಲ್ಲ. ಇಂಥ ಶಾಲೆಗಳಲ್ಲಿ ಕಲಿತವರೇ ಮುಂದೆ ಹೋಟೆಲ್ ಇಟ್ಟರು, ವಕೀಲರಾದರು, ಬ್ಯಾಂಕ್ ನಡೆಸಿದರು, ಸಂಘಗಳ ಅಧ್ಯಕ್ಷರಾದರು. ಸಂಘಗಳ ಕೆಲಸಕ್ಕೆ ಬೇಕಾದ ಕಾರ್ಯಕರ್ತರೂ ಇಲ್ಲಿಂದಲೇ ಬಂದರು. ಓದು ಮುಗಿಸಿದ ಹುಡುಗ ನಾಟಕದಲ್ಲಿ ಬಣ್ಣ ಹಚ್ಚಿದ, ವಾರ್ಷಿಕೋತ್ಸವಕ್ಕೆ ಬೆಂಚು ಹೊತ್ತ, ಪತ್ರಿಕೆಗೆ ಚಂದಾ ವಸೂಲಿ ಮಾಡಿದ. ಈಗ ಊರಿನಿಂದ ಆ ಪ್ರಾಯದ ಹುಡುಗರು ಬರುವುದಿಲ್ಲ, ಬರಬಾರದು ಕೂಡ. ಊರಲ್ಲೇ ಶಾಲೆಗಳಿವೆ, ಕಾಲೇಜುಗಳಿವೆ, ಮಕ್ಕಳನ್ನು ದುಡಿಸುವುದು ಕಾನೂನಿನ ಪ್ರಕಾರ ತಪ್ಪು. ಅದು ಒಳ್ಳೆಯದೇ ಆಯಿತು. ಆದರೆ ಸಂಘಗಳಿಗೆ ವರ್ಷವರ್ಷ ಹೊಸ ಕೈಗಳನ್ನು ಒದಗಿಸುತ್ತಿದ್ದ ಆ ಬುಗ್ಗೆ ಬತ್ತಿದ್ದು ಇದರಿಂದಲೇ. ಅದರ ಜಾಗದಲ್ಲಿ ಇನ್ನೊಂದನ್ನು ನಾವು ತೋಡಿಲ್ಲ.

ಜನ ಕಡಿಮೆಯಾದದ್ದು ಮಾತ್ರವಲ್ಲ, ದೂರವೂ ಆದರು. ಮಾಟುಂಗಾ, ಮಾಹಿಮ್, ಸಯನ್, ಕುರ್ಲಾಗಳಲ್ಲಿ ಸಂಘಗಳು ಬೇರೂರಿದ್ದಕ್ಕೆ ಭೂಗೋಳದ ಕಾರಣವೂ ಇದೆ. ಪಶ್ಚಿಮ ಮತ್ತು ಮಧ್ಯ ರೈಲ್ವೆಯ ಹಳಿಗಳು ಹತ್ತಿರ ಬರುವುದು ದಾದರ್–ಮಾಟುಂಗಾದ ಸುತ್ತ. ಮಧ್ಯ ಮತ್ತು ಹಾರ್ಬರ್ ಲೈನ್ ಕೂಡುವುದು ಕುರ್ಲಾದಲ್ಲಿ. ಎಲ್ಲಿಂದ ಬಂದರೂ ಇಳಿದು ನಡೆಯಬಹುದಾದ ಜಾಗಗಳಿವು. ಈಗ ಆ ಸಂಘಗಳ ಸದಸ್ಯರು ಇರುವುದು ಮೀರಾರೋಡ್, ವಸಾಯಿ, ವಿರಾರ್‌ನಲ್ಲಿ, ಡೊಂಬಿವಲಿ, ಕಲ್ಯಾಣ್‌ನಲ್ಲಿ, ನೆರೂಲ್, ಪನ್ವೇಲ್‌ನಲ್ಲಿ. ಅವರಿಗೆ ಕೈಗೆಟಕುವುದು ಭಾನುವಾರ ಒಂದೇ. ಅದೇ ಭಾನುವಾರ ರೈಲ್ವೆಯವರ ಮೆಗಾಬ್ಲಾಕ್. ಬೆಳಗ್ಗೆ ಸುಮಾರು ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಒಂದಲ್ಲ ಒಂದು ಲೈನಿನಲ್ಲಿ ಗಾಡಿಗಳು ತಡ, ಕೆಲವು ರದ್ದು. ಹಾಗಾಗಿ ಕಾರ್ಯಕ್ರಮಗಳೆಲ್ಲ ಸಂಜೆಯ ಮೂರು ನಾಲ್ಕು ಗಂಟೆಗಳೊಳಗೆ ಒತ್ತೊತ್ತಾಗಿ ಕೂರುತ್ತವೆ. ಡಿಸೆಂಬರ್, ಜನವರಿಯ ಭಾನುವಾರಗಳಲ್ಲಿ ಒಂದೇ ಸಂಜೆ ನಗರದ ನಾಲ್ಕು ಮೂಲೆಗಳಲ್ಲಿ ವಾರ್ಷಿಕೋತ್ಸವ, ಪುಸ್ತಕ ಬಿಡುಗಡೆ, ಸನ್ಮಾನ, ಯಕ್ಷಗಾನ. ಕರೆಯುವುದು ಅದೇ ಸಾವಿರ ಜನರನ್ನು. ಪ್ರೇಕ್ಷಕರು ಹಂಚಿಹೋಗುತ್ತಾರೆ, ಕಾರ್ಯಕರ್ತರು ಅದಕ್ಕಿಂತ ಹೆಚ್ಚು ಹಂಚಿಹೋಗುತ್ತಾರೆ.

ಇಷ್ಟಾಗಿಯೂ ಮುಂಬಯಿಯ ಕನ್ನಡ ಬದುಕು ನಿಂತಿಲ್ಲ. ಅದಕ್ಕೆ ಕಾರಣ ಆಮಂತ್ರಣ ಪತ್ರಿಕೆಯಲ್ಲಿ ಕಾಣುವ ‘ಸಹಯೋಗದಲ್ಲಿ’, ‘ಜಂಟಿ ಆಶ್ರಯದಲ್ಲಿ’ ಎಂಬ ಸಾಲುಗಳು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಕಲೀನಾದ ರಾನಡೆ ಭವನದಲ್ಲಿದೆ. ಶ್ರೀನಿವಾಸ ಹಾವನೂರ, ತಾಳ್ತಜೆ ವಸಂತಕುಮಾರ, ಜಿ.ಎನ್. ಉಪಾಧ್ಯ ಅವರಂಥವರು ಮುಖ್ಯಸ್ಥರಾಗಿ ಅದನ್ನು ಬೆಳೆಸಿದರು. ಈ ವಿಭಾಗವೂ ಮೈಸೂರು ಅಸೋಸಿಯೇಷನ್ನೂ ಸೇರಿ ದತ್ತಿ ಉಪನ್ಯಾಸಗಳನ್ನು ನಡೆಸುತ್ತ ಬಂದಿವೆ. ವಿಭಾಗ ಕೊಡುವುದು ವಿದ್ವತ್ತು ಮತ್ತು ವಿದ್ಯಾರ್ಥಿಗಳನ್ನು, ಅಸೋಸಿಯೇಷನ್ ಕೊಡುವುದು ದತ್ತಿ ಮತ್ತು ಮಾಟುಂಗಾದ ಸಭಾಗೃಹವನ್ನು. ಮುಂಬಯಿ ಕನ್ನಡ ಲೇಖಕಿಯರ ಬಳಗ ಸೃಜನಾಗೆ ದೊಡ್ಡ ಕಟ್ಟಡದ ಹಂಗಿಲ್ಲ. ಜಾಗ ಇದ್ದವರು ಜಾಗ ಕೊಟ್ಟಾಗ ಅದು ಕಥೆ, ಕವಿತೆ, ವಿಮರ್ಶೆಯ ಸಭೆ ನಡೆಸುತ್ತದೆ. ಇಂಥ ಬಳಗ ಕಟ್ಟಡ ಕಟ್ಟಲು ಹೊರಟರೆ ಬರೆಯುವುದನ್ನು ಬಿಟ್ಟು ದಾನಿಗಳ ಮನೆ ಬಾಗಿಲು ಕಾಯಬೇಕಾಗುತ್ತದೆ. ಸಭಾಗೃಹವಿದ್ದೂ ಒಳಗೆ ಕನ್ನಡದ ಮಾತು ಕೇಳದಿದ್ದರೆ ಅಸೋಸಿಯೇಷನ್ನಿಗೂ ಅದು ಮದುವೆ ಹಾಲ್ ಅಷ್ಟೇ. ಇಬ್ಬರಿಗೂ ಇನ್ನೊಬ್ಬರು ಬೇಕು.

ಸಾಹಿತ್ಯ ಸಮ್ಮೇಳನ ಮುಂಬಯಿಗೆ ಬಂದದ್ದು ಇದೇ ಬಲದ ಮೇಲೆ. 1935ರಲ್ಲಿ ಎನ್.ಎಸ್. ಸುಬ್ಬರಾವ್, 1951ರಲ್ಲಿ ಎಂ. ಗೋವಿಂದ ಪೈ ಇಲ್ಲಿ ಅಧ್ಯಕ್ಷತೆ ವಹಿಸಿದರು. ಹೊರನಾಡಿನಲ್ಲಿ ಸಮ್ಮೇಳನವೆಂದರೆ ಒಂದು ಸಂಘ ಹೊರಬಲ್ಲ ಹೊರೆಯಲ್ಲ.

ಹಂಚಿಕೆ ಹೇಗೆ ನಡೆಯಬೇಕು ಎಂಬುದಕ್ಕೆ ಈಗಲೂ ಕಣ್ಣೆದುರಿಗಿರುವ ಅತ್ಯುತ್ತಮ ಮಾದರಿ ಮಳೆಗಾಲದ ತಾಳಮದ್ದಳೆ. ಊರಿನಲ್ಲಿ ಯಕ್ಷಗಾನ ಮೇಳಗಳು ದೀಪಾವಳಿಯ ನಂತರ ಹೊರಟು ಮೇ ಕೊನೆಯ ಪತ್ತನಾಜೆಯ ದಿನ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಕಲಾವಿದರಿಗೆ ಬಿಡುವು. ಆ ಬಿಡುವಿನಲ್ಲಿ ಅವರನ್ನು ಮುಂಬಯಿಗೆ ಕರೆಸುವ ರೂಢಿ ಬೆಳೆದಿದೆ. ಅಜೆಕಾರು ಕಲಾಭಿಮಾನಿ ಬಳಗ ವರ್ಷವರ್ಷವೂ ಸರಣಿ ತಾಳಮದ್ದಳೆ ಏರ್ಪಡಿಸುತ್ತ ಬಂದಿರುವುದು ಯಕ್ಷಗಾನ ಪ್ರಿಯರಿಗೆಲ್ಲ ಗೊತ್ತು.

ಇದರ ಲೆಕ್ಕಾಚಾರ ಬಲು ಚೆಂದ. ತಾಳಮದ್ದಳೆಗೆ ವೇಷವಿಲ್ಲ, ರಂಗಸಜ್ಜಿಕೆ ಇಲ್ಲ, ಕುಣಿತವಿಲ್ಲ. ಒಬ್ಬ ಭಾಗವತರು, ಚೆಂಡೆ ಮದ್ದಳೆ, ನಾಲ್ಕೈದು ಮಂದಿ ಅರ್ಥಧಾರಿಗಳು, ಒಂದು ಜಮಖಾನೆ. ಖರ್ಚೇನಿದ್ದರೂ ಹೋಗಿಬರುವ ರೈಲಿನದು, ಉಳಿಯುವ ವ್ಯವಸ್ಥೆಯದು, ಸಂಭಾವನೆಯದು. ಒಂದೇ ಸಂಘ ಒಂದೇ ಕೂಟಕ್ಕೆ ಅಷ್ಟು ಮಂದಿಯನ್ನು ಊರಿನಿಂದ ಕರೆಸಿದರೆ ತಡೆದುಕೊಳ್ಳಲಾಗದು. ಆದರೆ ಬಂದ ತಂಡ ಇವತ್ತು ಒಂದು ಉಪನಗರದ ಸಂಘದಲ್ಲಿ, ನಾಳೆ ಇನ್ನೊಂದು ಕಡೆಯ ದೇವಸ್ಥಾನದಲ್ಲಿ, ನಾಡಿದ್ದು ಮತ್ತೊಂದು ಸಭಾಗೃಹದಲ್ಲಿ ಕೂತರೆ ರೈಲಿನ ಖರ್ಚು ಎಲ್ಲರಲ್ಲೂ ಹಂಚಿಹೋಗುತ್ತದೆ. ಒಬ್ಬರು ಊಟ ನೋಡಿಕೊಳ್ಳುತ್ತಾರೆ, ಒಬ್ಬರು ಹೋಟೆಲಿನ ಮೇಲಿನ ಕೋಣೆ ಬಿಟ್ಟುಕೊಡುತ್ತಾರೆ, ಒಬ್ಬರು ಕಾರು ಕೊಡುತ್ತಾರೆ. ದಿನ ಮೊದಲೇ ಹಂಚಿಕೆಯಾಗಿರುವುದರಿಂದ ಒಂದರ ಮೇಲೊಂದು ಬೀಳುವುದಿಲ್ಲ. ನೋಡುವವರಿಗೂ ಲಾಭ: ಡೊಂಬಿವಲಿಯವರು ಡೊಂಬಿವಲಿಯಲ್ಲೇ ಕೇಳಬಹುದು, ಕುರ್ಲಾಕ್ಕೆ ಬರಬೇಕಿಲ್ಲ.

ಈ ಸರಣಿ ಇಷ್ಟು ಸಲೀಸಾಗಿ ಸಾಗುವುದು ಏಕೆ? ಪ್ರಸಂಗ, ಪಾತ್ರ, ಕಲಾವಿದರ ಪ್ರಯಾಣದಂಥ ಕಷ್ಟದ ಕೆಲಸವನ್ನೆಲ್ಲ ಒಂದು ಬಳಗ ಹೊತ್ತುಕೊಳ್ಳುತ್ತದೆ. ಸ್ಥಳೀಯ ಸಂಘಕ್ಕೆ ತನ್ನ ಅಂಗಳದ ಕೆಲಸ ಮಾತ್ರ. ಆ ಸಂಜೆಯ ಬ್ಯಾನರಿನಲ್ಲಿ ಸ್ಥಳೀಯ ಸಂಘದ ಹೆಸರು ದೊಡ್ಡದಾಗಿಯೇ ಇರುತ್ತದೆ, ವೇದಿಕೆಯ ಗೌರವ ಅದರ ಅಧ್ಯಕ್ಷರದ್ದೇ. ಯಾರ ಹೆಸರೂ ಇನ್ನೊಬ್ಬರ ಹೆಸರಿನಡಿ ಮರೆಯಾಗುವುದಿಲ್ಲ. ಸಂಘಗಳು ಕೂಡಿ ಕೆಲಸ ಮಾಡಲಾರದೆ ಬೇರೆಯಾದ ಕಡೆಗಳಲ್ಲಿ ನಾನು ಕಂಡ ಮುಖ್ಯ ಕಾರಣ ದುಡ್ಡಲ್ಲ, ಹೆಸರು. ಆಮಂತ್ರಣದಲ್ಲಿ ಮೊದಲು ಯಾರು, ವೇದಿಕೆಯ ನಡುವಿನ ಕುರ್ಚಿ ಯಾರಿಗೆ, ಶಾಲು ಹೊದಿಸುವವರು ಯಾರು ಎಂಬಲ್ಲಿಗೆ ಬಂದಾಗ ಒಳ್ಳೊಳ್ಳೆಯ ಸಹಯೋಗಗಳು ಮುರಿದಿವೆ. ಅದನ್ನು ಬರೀ ಸಣ್ಣತನ ಎಂದು ಬಿಡಲಾಗದು. ದುಡ್ಡು ಸಿಗದ ಕೆಲಸಕ್ಕೆ ಸಿಗುವ ಒಂದೇ ಸಂಬಳ ಗೌರವ. ಅದನ್ನು ಯಾರಿಗೆ, ಯಾವಾಗ ಎಂದು ಮೊದಲೇ ಮಾತಾಡಿಕೊಳ್ಳುವವರ ಸಹಯೋಗ ಉಳಿಯುತ್ತದೆ.

ಮಕ್ಕಳ ವಿಷಯದಲ್ಲಿ ಇದೇ ಕ್ರಮವನ್ನು ಚಿಣ್ಣರ ಬಿಂಬ ಎರಡು ದಶಕಗಳಿಂದ ನಡೆಸಿಕೊಂಡು ಬಂದಿದೆ. ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುವ ಅಪರೂಪದ ಸಂಸ್ಥೆ, ಅದರಲ್ಲಿ ಕನ್ನಡವೂ ಒಂದು. ಆದರೆ ಕನ್ನಡ ಮಾಧ್ಯಮಕ್ಕೆ ಬರುವ ಮಕ್ಕಳು ವರ್ಷವರ್ಷ ಕಡಿಮೆಯಾದರು. ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವವರು ಯಾರು? ಪೊಲೀಸ್ ಅಧಿಕಾರಿ ಪ್ರಕಾಶ್ ಭಂಡಾರಿಯವರು ಕಟ್ಟಿದ ಚಿಣ್ಣರ ಬಿಂಬ ಉಪನಗರಗಳಲ್ಲಿ ಶಿಬಿರಗಳನ್ನು ತೆರೆಯಿತು. ಅಕ್ಷರ, ಭಜನೆ, ಭಾವಗೀತೆ, ಭಾಷಣ, ನಾಟಕ. ಕಲಿಸುವವರಲ್ಲಿ ಬಹುಪಾಲು ತಾಯಂದಿರು, ಶಿಕ್ಷಕಿಯರು, ಸಂಬಳವಿಲ್ಲ. ಜಾಗ ಹತ್ತಿರದ ಸಂಘದ್ದು, ದೇವಸ್ಥಾನದ್ದು, ಶಾಲೆಯದ್ದು. ವರ್ಷಕ್ಕೊಮ್ಮೆ ಎಲ್ಲ ಶಿಬಿರಗಳ ಮಕ್ಕಳೂ ಸೇರುವ ಉತ್ಸವ.

ಇಲ್ಲಿ ನಡೆದಿರುವ ಒಂದು ಸಂಗತಿ ಹೊರಗಿನವರಿಗೆ ಕಾಣುವುದಿಲ್ಲ. ಮಗುವನ್ನು ಶಿಬಿರಕ್ಕೆ ಬಿಡಲು ಬಂದ ತಾಯಿ ಎರಡು ಗಂಟೆ ಹೊರಗೆ ಕಾಯುತ್ತಾಳೆ. ಮುಂದಿನ ವಾರ ಅವಳು ಹಾಜರಿ ಬರೆಯುತ್ತಾಳೆ, ಆಮೇಲೆ ಹಾಡು ಕಲಿಸುತ್ತಾಳೆ, ವರ್ಷ ಕಳೆಯುವಷ್ಟರಲ್ಲಿ ಶಿಬಿರದ ಉಸ್ತುವಾರಿ ಅವಳದೇ. ಅವಳು ಅದುವರೆಗೆ ಯಾವ ಸಂಘದ ಸಭೆಗೂ ಹೋದವಳಲ್ಲದಿರಬಹುದು. ಮಕ್ಕಳ ಸಲುವಾಗಿ ಬಂದವರಿಗೆ ಆ ಮಗು ಯಾವ ಸಮಾಜದ್ದು ಎಂಬ ಲೆಕ್ಕವಿಲ್ಲ, ಪಕ್ಕದಲ್ಲಿ ಕೂತ ತಾಯಿ ಯಾವ ಸಂಘದವಳು ಎಂಬ ಲೆಕ್ಕವೂ ಇಲ್ಲ. ರಾತ್ರಿ ಶಾಲೆ ಕೊಡುತ್ತಿದ್ದ ಕೈಗಳಿಗೆ ಬದಲಾಗಿ ಹೊಸ ಕೈಗಳು ಎಲ್ಲಾದರೂ ತಯಾರಾಗುತ್ತಿವೆಯೆಂದರೆ ಇಲ್ಲಿ ಎಂದು ನಾನು ನಂಬಿದ್ದೇನೆ. ಸಂಘಗಳ ಮಹಿಳಾ ವಿಭಾಗಗಳನ್ನೇ ನೋಡಿ: ಅರಸಿನ ಕುಂಕುಮ, ಆಟಿಡೊಂಜಿ ದಿನದಂಥ ಕಾರ್ಯಕ್ರಮಗಳಲ್ಲಿ ದುಡಿಯುವ ಶಿಸ್ತು ಮುಖ್ಯ ಸಮಿತಿಗಳಲ್ಲಿ ಕಾಣುವುದು ಅಪರೂಪ. ಆದರೂ ಮುಖ್ಯ ಸಮಿತಿಯ ಕುರ್ಚಿಗಳಲ್ಲಿ ಅವರು ಎಷ್ಟು ಮಂದಿ ಎಂದು ಎಣಿಸಲು ಒಂದು ಕೈಯ ಬೆರಳು ಸಾಕಾಗುತ್ತದೆ. ಇದು ಸರಿಯಲ್ಲ.

ಸಮಾಜಗಳ ಸಂಘಗಳನ್ನೇ ಒಂದು ಮೇಜಿನ ಸುತ್ತ ಕೂರಿಸಿದ ಪ್ರಯೋಗವೂ ಮುಂಬಯಿಯಲ್ಲಿ ನಡೆದಿದೆ. ತೋನ್ಸೆ ಜಯಕೃಷ್ಣ ಶೆಟ್ಟಿಯವರು ಸ್ಥಾಪಿಸಿದ ಜಯಶ್ರೀಕೃಷ್ಣ ಪರಿಸರಪ್ರೇಮಿ ಸಮಿತಿ ದಕ್ಷಿಣ ಕನ್ನಡ, ಉಡುಪಿ ಮೂಲದ ಬೇರೆ ಬೇರೆ ಸಮಾಜಗಳ ಸಂಘಟನೆಗಳನ್ನು ಜೊತೆಗೂಡಿಸಿತು. ಬಂಟರು, ಬಿಲ್ಲವರು, ದೇವಾಡಿಗರು ಹೀಗೆ ಬೇರೆ ಬೇರೆ ಸಮಾಜದವರು ಅದರ ಜವಾಬ್ದಾರಿ ಹೊತ್ತಿದ್ದಾರೆ. ನಂದಿಕೂರು–ಎಲ್ಲೂರು ಭಾಗದ ಉಷ್ಣ ವಿದ್ಯುತ್ ಯೋಜನೆಯ ವಿರುದ್ಧ, ಕೊಂಕಣ ರೈಲಿನ ಪ್ರಯಾಣಿಕರ ಅನುಕೂಲಕ್ಕಾಗಿ ಅದು ದನಿ ಎತ್ತಿತು. ಎಲ್ಲೂರಿನ ಸ್ಥಾವರ ಬಂದೇ ಬಂತು, 2010ರಲ್ಲಿ ವಿದ್ಯುತ್ ಉತ್ಪಾದನೆಯೂ ಶುರುವಾಯಿತು. ಆದರೂ ಆ ಕೂಡಿಕೆಯಿಂದ ಒಂದು ಪಾಠ ಸಿಕ್ಕಿತು. ಕುಲದೇವರ ಜಾತ್ರೆ, ವಿದ್ಯಾರ್ಥಿವೇತನ, ವಧೂವರರ ಸಮಾವೇಶ ಆಯಾ ಸಂಘದ ಕೆಲಸ. ಅದನ್ನು ಬೆರೆಸಲು ಹೋದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಊರಿನ ಗಾಳಿ, ನೀರು, ರೈಲು ಯಾರೊಬ್ಬರದೂ ಅಲ್ಲ. ಯಾರದೂ ಅಲ್ಲದ ಕೆಲಸಕ್ಕೆ ಎಲ್ಲರೂ ಬರುತ್ತಾರೆ.

ಆಪತ್ತು ಬಂದಾಗ ಇದು ಇನ್ನೂ ಸ್ಪಷ್ಟ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಲಕ್ಷಾಂತರ ಜನ ದಾರಿಯಲ್ಲೇ ಸಿಕ್ಕಿಬಿದ್ದ ರಾತ್ರಿ, ಮುಂಬಯಿಯ ಯಾವ ಬಾಗಿಲೂ ನಿಮ್ಮವರು ಯಾರು ಎಂದು ಕೇಳಲಿಲ್ಲ. 2020ರ ಲಾಕ್‌ಡೌನಿನಲ್ಲಿ ಹೋಟೆಲುಗಳು ಮುಚ್ಚಿ ಅಡುಗೆ ಭಟ್ಟರೂ ಸಪ್ಲೈಯರುಗಳೂ ಕೋಣೆಗಳಲ್ಲಿ ಸಿಕ್ಕಿಕೊಂಡರು. ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಾಗ ಊರಿಗೆ ಹೋಗುವ ದಾರಿಯೂ ಮುಚ್ಚಿತು. ಆಗ ದಿನಸಿ ಹಂಚುವುದು, ಪಾಸಿಗೆ ಅರ್ಜಿ ತುಂಬಿಸುವುದು, ಬಸ್ಸಿಗೆ ಹೆಸರು ಸೇರಿಸುವುದು ಎಲ್ಲವೂ ಸಂಘಗಳ ಫೋನುಗಳ ಮೇಲೆ ಬಿತ್ತು. ಅದೇ ದಿನಗಳಲ್ಲಿ ನಗರದ ಇನ್ನೊಂದು ಗುಂಪು ‘ಖಾನಾ ಚಾಹಿಯೇ’ ಹೆಸರಿನಲ್ಲಿ ಹೋಟೆಲಿನ ಅಡುಗೆಮನೆ, ದಾನಿಗಳ ಹಣ, ಬೀದಿಗಿಳಿಯುವ ಸ್ವಯಂಸೇವಕರು ಮೂರನ್ನೂ ಜೋಡಿಸಿ ದಾರಿ ನಡೆಯುತ್ತಿದ್ದ ವಲಸೆ ಕಾರ್ಮಿಕರಿಗೆ ಊಟ ಮುಟ್ಟಿಸಿತು. ಒಬ್ಬರಲ್ಲೇ ಮೂರೂ ಇರಲಿಲ್ಲ.

ಹಾಗಾದರೆ ನೆರೆಗೂ ರೋಗಕ್ಕೂ ಆಗುವ ಕೂಡುವಿಕೆ ಸಾಮಾನ್ಯ ಭಾನುವಾರಕ್ಕೆ ಏಕೆ ಆಗುವುದಿಲ್ಲ?

ಒಂದು ಅಡ್ಡಿ ಕಾನೂನಿನದು, ಅದನ್ನು ತಿಳಿದಿರುವುದು ಒಳ್ಳೆಯದು. ಮಹಾರಾಷ್ಟ್ರದಲ್ಲಿ ಈ ಸಂಸ್ಥೆಗಳು 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ನೋಂದಾಯಿತವಾಗಿ ವರಳಿಯಲ್ಲಿರುವ ಚಾರಿಟಿ ಕಮಿಷನರ್ ಕಚೇರಿಗೆ ಲೆಕ್ಕ ಒಪ್ಪಿಸಬೇಕು. ಸಂಘದ ಹಣ ಅದರ ಉದ್ದೇಶಕ್ಕೇ ಖರ್ಚಾಗಬೇಕು. ಅದರ ಮೇಲೆ, ತೆರಿಗೆ ವಿನಾಯಿತಿ ಪಡೆದ ಒಂದು ಟ್ರಸ್ಟ್ ಇನ್ನೊಂದು ಟ್ರಸ್ಟಿಗೆ ದೇಣಿಗೆ ಕೊಟ್ಟರೆ ಅದರಲ್ಲಿ ಶೇಕಡಾ 85ರಷ್ಟನ್ನು ಮಾತ್ರ ಧರ್ಮಾರ್ಥ ಖರ್ಚೆಂದು ಲೆಕ್ಕಹಾಕುವ ನಿಯಮ 2023ರ ಬಜೆಟ್ಟಿನಿಂದ ಬಂದಿದೆ. ಅಂದರೆ ಸಂಘದಿಂದ ಸಂಘಕ್ಕೆ ಹಣ ದಾಟಿಸುವುದು ಮೊದಲಿಗಿಂತ ತೊಡಕಾಗಿದೆ. ಆದರೆ ಮನುಷ್ಯರ ಸಮಯಕ್ಕೆ ಅಂಥ ಯಾವ ತೊಡಕೂ ಇಲ್ಲ. ಕುರ್ಚಿ, ಪಾತ್ರೆ, ಧ್ವನಿವರ್ಧಕ ಎರವಲು ಕೊಡಲು ಒಂದು ರಸೀದಿ ಪುಸ್ತಕ ಸಾಕು. ಹತ್ತು ಜನರನ್ನು ಒಂದು ಸಂಜೆಗೆ ಕಳಿಸಲು ಅದೂ ಬೇಡ.

ಇನ್ನೊಂದು ಅಡ್ಡಿ, ಕಾರ್ಯಕರ್ತರೆಂದರೆ ಎಲ್ಲ ಕಡೆಯೂ ಅದೇ ಹತ್ತು ಮುಖಗಳು. ಸಮಾಜದ ಸಂಘದಲ್ಲಿ ಜೊತೆ ಕಾರ್ಯದರ್ಶಿ, ಉಪನಗರದ ಕನ್ನಡ ಸಂಘದಲ್ಲಿ ಕೋಶಾಧಿಕಾರಿ, ಶನಿ ಪೂಜಾ ಸಮಿತಿಯಲ್ಲಿ ಸದಸ್ಯ, ಯಕ್ಷಗಾನ ಮಂಡಳಿಯಲ್ಲಿ ವ್ಯವಸ್ಥಾಪಕ, ಎಲ್ಲವೂ ಒಬ್ಬನೇ. ಸಂಘಗಳ ನಡುವಿನ ನಂಟು ಇಂಥವರಿಂದಲೇ ಉಳಿದಿದೆ, ಅವರಿಗೆ ನಾವು ಋಣಿಗಳು. ಆದರೆ ಅವರು ಅರವತ್ತು ದಾಟಿದ್ದಾರೆ. ಅವರ ನಂತರ ಆ ನಂಟು ಕಾಗದದ ಮೇಲೂ ಇರುವುದಿಲ್ಲ, ಏಕೆಂದರೆ ಅದು ಅವರ ಫೋನಿನಲ್ಲಿದೆ.

ಊರಿನ ಗದ್ದೆಗಳಲ್ಲಿ ಮುಯ್ಯಾಳು ಪದ್ಧತಿ ಇತ್ತು. ನಮ್ಮ ನಾಟಿಗೆ ನೀವು, ನಿಮ್ಮ ನಾಟಿಗೆ ನಾವು. ಕೂಲಿ ಇಲ್ಲ, ಆದರೆ ಲೆಕ್ಕವಿತ್ತು: ನಿಮ್ಮ ಮನೆಯಿಂದ ಎಷ್ಟು ಆಳು ಬಂದರೋ ಅಷ್ಟು ಆಳು ನಮ್ಮ ಮನೆಯಿಂದ ಹೋಗಲೇಬೇಕು. ಅದು ನಡೆಯುತ್ತಿದ್ದುದಕ್ಕೆ ಕಾರಣ ಎಲ್ಲರ ಗದ್ದೆಯೂ ಒಂದೇ ದಿನ ಹದಕ್ಕೆ ಬರದಂತೆ ಮೊದಲೇ ಮಾತಾಡಿಕೊಂಡು ದಿನ ಗೊತ್ತುಮಾಡುತ್ತಿದ್ದುದು. ಜಪಾನಿನ ಒಸಾಕಾದಲ್ಲಿ ತೆರುಕೊ ಮಿಜುಶಿಮಾ ಎಂಬ ಮಹಿಳೆ 1973ರಲ್ಲಿ ಶುರುಮಾಡಿದ ‘ಸ್ವಯಂಸೇವಾ ಶ್ರಮ ಬ್ಯಾಂಕ್’ ಕೂಡ ಹೀಗೆಯೇ. ಮನೆವಾರ್ತೆಯ ಹೆಂಗಸರು ಒಬ್ಬರಿಗೊಬ್ಬರು ಕೊಟ್ಟ ಗಂಟೆಗಳನ್ನು ಬರೆದಿಟ್ಟುಕೊಂಡು, ತಮಗೆ ಬೇಕಾದಾಗ ಅದನ್ನು ಮರಳಿ ಪಡೆದರು. ಮುಂದೆ ಹಲವು ದೇಶಗಳಲ್ಲಿ ಬೆಳೆದ ಸಮಯ ಬ್ಯಾಂಕುಗಳಿಗೆ ಮೊದಲ ಮಾದರಿಗಳಲ್ಲಿ ಅದೂ ಒಂದು.

ಮುಂಬಯಿಯ ಸಂಘಗಳಿಗೆ ಬೇಕಿರುವುದೂ ಇಷ್ಟೇ: ಬರೆದಿಟ್ಟ ಲೆಕ್ಕ ಮತ್ತು ಮೊದಲೇ ಹಂಚಿಕೊಂಡ ದಿನಗಳು. ಯಾವ ಹೊಸ ಒಕ್ಕೂಟವೂ ಬೇಡ. ಒಕ್ಕೂಟವೆಂದರೆ ಮತ್ತೆ ಅಧ್ಯಕ್ಷರು, ಉಪಾಧ್ಯಕ್ಷರು, ಮತ್ತೊಂದು ವಾರ್ಷಿಕೋತ್ಸವ, ಮತ್ತೊಂದು ಭಾನುವಾರ. ಕೆಲಸವನ್ನು ಯುವ ವಿಭಾಗಗಳ ಮತ್ತು ಮಹಿಳಾ ವಿಭಾಗಗಳ ಕೈಗೆ ಕೊಟ್ಟರೆ ಸಾಕು; ಅವರಿಗೆ ಹಳೆಯ ಮುನಿಸುಗಳ ಭಾರವಿಲ್ಲ. ಪ್ರತಿ ಸಂಘವೂ ತನ್ನಲ್ಲಿ ಏನಿದೆ ಎಂದು ಬರೆಯಲಿ. ಒಬ್ಬರಲ್ಲಿ ವೈದ್ಯರಿದ್ದಾರೆ, ಒಬ್ಬರಲ್ಲಿ ಲೆಕ್ಕಪರಿಶೋಧಕರು, ಒಬ್ಬರಲ್ಲಿ ರಂಗದ ಬೆಳಕು ಬಲ್ಲವರು, ಒಬ್ಬರಲ್ಲಿ ಸಾವಿರ ಎಲೆಗೆ ಬಡಿಸಿ ಗೊತ್ತಿದ್ದವರು. ಕಿಂಗ್ಸ್ ಸರ್ಕಲ್‌ನ ಜಿ.ಎಸ್.ಬಿ. ಸೇವಾ ಮಂಡಲದ ಗಣೇಶೋತ್ಸವದಲ್ಲಿ ಐದು ದಿನ ಜನಸಾಗರಕ್ಕೆ ಪ್ರಸಾದ ಭೋಜನ ನಡೆಯುವುದನ್ನು ನೋಡಿದವರಿಗೆ ಗೊತ್ತು, ಬಡಿಸುವುದೂ ಒಂದು ವಿದ್ಯೆ, ಸಾಲು ನಿಲ್ಲಿಸುವುದೂ ಒಂದು ವಿದ್ಯೆ. ಅದನ್ನು ಬಲ್ಲವರು ಇತರ ಸಂಘಗಳ ಹುಡುಗ ಹುಡುಗಿಯರನ್ನು ಒಂದು ದಿನ ಜೊತೆಗೆ ನಿಲ್ಲಿಸಿಕೊಂಡರೆ, ಯಾವ ತರಬೇತಿ ಕಾರ್ಯಾಗಾರವೂ ಕಲಿಸದಷ್ಟು ಕಲಿತು ಬರುತ್ತಾರೆ.

ದಿನ ಹಂಚಿಕೊಳ್ಳುವುದಕ್ಕೆ ಬೇಕಾದ ಹಾಳೆಗಳೂ ನಮ್ಮಲ್ಲಿವೆ. ಮೈಸೂರು ಅಸೋಸಿಯೇಷನ್ನಿನ ‘ನೇಸರು’, ಬಿಲ್ಲವರ ‘ಅಕ್ಷಯ’, ಬಂಟರ ಸಂಘದ ‘ಬಂಟರವಾಣಿ’, ಮೊಗವೀರ ಮಂಡಳಿಯ ‘ಮೊಗವೀರ’, ಕರ್ನಾಟಕ ಸಂಘದ ‘ಸ್ನೇಹಸಂಬಂಧ’ ಇಷ್ಟೂ ಪತ್ರಿಕೆಗಳು ತಮ್ಮ ಒಂದು ಪುಟವನ್ನು ಎಲ್ಲ ಸಂಘಗಳ ಮುಂದಿನ ಮೂರು ತಿಂಗಳ ಕಾರ್ಯಕ್ರಮಪಟ್ಟಿಗೆ ಬಿಟ್ಟುಕೊಡಬಹುದು. ಐದೂ ಪತ್ರಿಕೆಯಲ್ಲಿ ಅದೇ ಪಟ್ಟಿ. ತನ್ನ ಹೆಸರು ಪಟ್ಟಿಯಲ್ಲಿ ಸೇರಲಿ ಎನ್ನುವ ಸಂಘ ಎರಡು ತಿಂಗಳು ಮೊದಲೇ ದಿನ ತಿಳಿಸಲೇಬೇಕಾಗುತ್ತದೆ, ಆ ದಿನ ಇನ್ನೊಬ್ಬರದಿದ್ದರೆ ಫೋನು ಮಾಡಿ ಮಾತಾಡಲೇಬೇಕಾಗುತ್ತದೆ.

ಇದಕ್ಕೆ ಕೂತುಕೊಳ್ಳಲು ಜೂನ್ ತಿಂಗಳು ಒಳ್ಳೆಯದು. ಗಣೇಶ ಚತುರ್ಥಿಯಿಂದ ಫೆಬ್ರವರಿಯವರೆಗೆ ಯಾರಿಗೂ ಪುರುಸೊತ್ತಿಲ್ಲ. ಜೂನ್‌ನಲ್ಲಿ ಶಾಲೆಗಳು ಶುರುವಾಗಿರುತ್ತವೆ, ಊರಿಗೆ ಹೋದವರು ವಾಪಸಾಗಿರುತ್ತಾರೆ, ತಾಳಮದ್ದಳೆಯ ದಿನಗಳನ್ನು ಹಂಚಿಕೊಳ್ಳಲು ಹೇಗೂ ಉಪನಗರದ ಸಂಘಗಳು ಒಂದಕ್ಕೊಂದು ಫೋನು ಮಾಡುತ್ತಿರುತ್ತವೆ. ಆ ಫೋನು ಕೆಳಗಿಡುವ ಮುಂಚೆ ನಿಮ್ಮ ವಾರ್ಷಿಕೋತ್ಸವ ಯಾವ ಭಾನುವಾರ, ಅವತ್ತು ಎಷ್ಟು ಜನ ಬೇಕು, ನಮ್ಮ ಕಡೆಯಿಂದ ಎಷ್ಟು ಮಂದಿ ಬರಲಿ ಎಂದು ಕೇಳುವುದಕ್ಕೆ ಇನ್ನೆರಡು ನಿಮಿಷ ಹಿಡಿದೀತು.